ವಾಲಿಬಾಲ್ ಹುಡುಗಿಯರ ಮಂಡಿನೋವು

ಪ್ರಶ್ನೆ: ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾ ಹುಡುಗಿಯರ ವಾಲಿಬಾಲ್ ತಂಡವನ್ನೂ ನೋಡಿಕೊಳ್ಳುತ್ತೇನೆ. ಸ್ಮ್ಯಾಶ್ ಹೊಡೆದು ಇಳಿದಾಗ ಹಲವರಿಗೆ ಮಂಡಿ ನೋಯುತ್ತದೆ. ಮಳೆಗಾಲದಲ್ಲಿ ಮೈದಾನವೂ ಸಿಗದು. ಏನು ಮಾಡಲಿ?
— ಶಿಕ್ಷಕಿ, ಶಿರಸಿ ತಾಲೂಕು

ಉತ್ತರ: ಮೇಡಂ, ಅವರು ನೆಲಕ್ಕೆ ಇಳಿಯುವುದನ್ನು ಎದುರು ನಿಂತು ನೋಡಿ. ಮಂಡಿಗಳು ಒಳಕ್ಕೆ ವಾಲುತ್ತಿದ್ದರೆ ಮೊದಲು ಅದನ್ನು ತಿದ್ದಬೇಕು. ಮಂಡಿಯೊಳಗೆ ತೊಡೆಮೂಳೆ, ಕಾಲಿನ ಮೂಳೆಗಳನ್ನು ಹಿಡಿದಿಡುವ ಎಸಿಎಲ್ ಎಂಬ ಕಟ್ಟು (ಅಸ್ಥಿರಜ್ಜು) ಹರಿಯುವ ಅಪಾಯ ಹದಿಹರೆಯದಲ್ಲಿ ಹುಡುಗರಿಗಿಂತ ಹುಡುಗಿಯರಿಗೇ ಹೆಚ್ಚು. ಪಾದಗಳು ಭುಜದಷ್ಟು ಅಗಲ, ಮಂಡಿ ಬಾಗಿರಬೇಕು, ಇಳಿದದ್ದು ಕಿವಿಗೆ ಕೇಳಬಾರದು. ಸದ್ದಾದರೆ ಮತ್ತೆ ಮಾಡಿಸಿ. ಹತ್ತು ಜಿಗಿತದ ಎರಡು ಸುತ್ತು, ಜೊತೆಗೆ ಬಸ್ಕಿ, ಒಂಟಿ ಕಾಲಿನ ನಿಲುವು. ವಾರಕ್ಕೆ 3 ದಿನ, 15 ನಿಮಿಷ. ಮಳೆ ಹಿಡಿದಾಗ ಇದಕ್ಕೆ ಒಣಗಿದ ಜಗಲಿ ಸಾಕು, ಸಿಮೆಂಟ್ ಮೇಲೆ ದಪ್ಪ ಚಾಪೆ ಹಾಸಿ. ಪಾಚಿಗಟ್ಟಿದ ಅಂಗಳದಲ್ಲಿ ಮಾತ್ರ ದಯವಿಟ್ಟು ಆಡಿಸಬೇಡಿ.

ಮಹಿಳೆಯರ ನೆಟ್ 2.24 ಮೀಟರ್. ಎಂಟನೇ ತರಗತಿಯವರಿಗೆ ಅಭ್ಯಾಸದಲ್ಲಿ 2 ಮೀಟರಿಗೆ ಇಳಿಸಿ. ಎಟುಕದ ಚೆಂಡಿಗೆ ಮೈ ತಿರುಚಿದವರೇ ಒಂಟಿ ಕಾಲಲ್ಲಿ ಬೀಳುವುದು.

ಮಂಡಿ ಊದಿದರೆ, ನಡೆಯುವಾಗ ಕುಸಿದಂತಾದರೆ ಆಟ ನಿಲ್ಲಿಸಿ ಮೂಳೆ ವೈದ್ಯರಿಗೆ ತೋರಿಸಿ. ಎಣ್ಣೆ ಹಚ್ಚಿ ತಿಕ್ಕಿಸಬೇಡಿ.