ಅಮೆರಿಕದಲ್ಲಿ ಮದ್ಯದ ಕಾನೂನು ರಾಜ್ಯಗಳ ಕೈಯಲ್ಲಿದ್ದರೂ ಎಲ್ಲೆಡೆ ವಯೋಮಿತಿ 21 ಏಕೆ?

ಕಾನೂನು ಮಾಡುವುದು ರಾಜ್ಯವೇ, ಆದರೆ ಹೆದ್ದಾರಿಗೆ ಹಣ ಕೊಡುವುದು ಒಕ್ಕೂಟ ಸರ್ಕಾರ. ಸಂವಿಧಾನದ 10ನೇ ತಿದ್ದುಪಡಿಯ ಪ್ರಕಾರ, ಒಕ್ಕೂಟಕ್ಕೆ ವಹಿಸದ, ರಾಜ್ಯಗಳಿಗೆ ನಿಷೇಧಿಸದ ಅಧಿಕಾರಗಳು ರಾಜ್ಯಗಳಿಗೆ ಅಥವಾ ಜನರಿಗೆ ಸೇರಿದವು. ಆದ್ದರಿಂದ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ನೇರ ಆದೇಶ ಕೊಡದೆ ಅನುದಾನಕ್ಕೆ ಷರತ್ತು ಹಾಕಿತು. 21ಕ್ಕಿಂತ ಕಡಿಮೆ ವಯಸ್ಸಿನವರಿಗೆ ಮದ್ಯ ಖರೀದಿಸಲು ಬಿಡುವ ರಾಜ್ಯಕ್ಕೆ ಹೆದ್ದಾರಿ ಅನುದಾನದಲ್ಲಿ ಮೊದಲ ವರ್ಷ ಶೇ. 5, ಆಮೇಲೆ ಶೇ. 10 ಕಡಿತ ಎಂದು 1984ರ ಕಾಯ್ದೆ ಹೇಳಿತು. ಸೌತ್ ಡಕೋಟ ರಾಜ್ಯ ಕೋರ್ಟಿಗೆ ಹೋಯಿತು, ಸೋತಿತು. ಇಷ್ಟು ಸಣ್ಣ ಕಡಿತ ಪ್ರೋತ್ಸಾಹವೇ ಹೊರತು ಬಲವಂತವಲ್ಲ ಎಂದು ಸುಪ್ರೀಂ ಕೋರ್ಟ್ 1987ರಲ್ಲಿ ತೀರ್ಪಿತ್ತಿತು. ಮಿತಿಯೂ ಇದೆ: ಬಡವರ ಆರೋಗ್ಯ ಯೋಜನೆ ಮೆಡಿಕೇಡ್‌ನ ವಿಸ್ತರಣೆಗೆ ಒಪ್ಪದ ರಾಜ್ಯಕ್ಕೆ ಈಗಾಗಲೇ ಬರುತ್ತಿರುವ ಮೆಡಿಕೇಡ್ ಹಣವನ್ನೂ ನಿಲ್ಲಿಸುವ ಬೆದರಿಕೆಯನ್ನು ಅದೇ ಕೋರ್ಟ್ 2012ರಲ್ಲಿ ಒಪ್ಪಲಿಲ್ಲ. ಅಂದಹಾಗೆ, 1984ರ ಷರತ್ತು ಖರೀದಿಗೆ ಮತ್ತು ಸಾರ್ವಜನಿಕವಾಗಿ ಮದ್ಯ ಇಟ್ಟುಕೊಳ್ಳುವುದಕ್ಕೆ ಮಾತ್ರ. ಮನೆಯೊಳಗೆ ಹೆತ್ತವರ ಎದುರು ಕುಡಿಯುವ ವಿಷಯದಲ್ಲಿ ರಾಜ್ಯಗಳ ನಿಯಮ ಇಂದಿಗೂ ಬೇರೆಬೇರೆ.