‘ಶಾಲೆಗೆ ಹೋಗುತ್ತೇನೆ’ ಅನ್ನಲು ನೀವು ಜರ್ಮನ್‌ನಲ್ಲಿ ಬರೆದ ‘ಇಷ್ ಗೇಹ ಇನ್ ಡೇರ್ ಶೂಲ’ ಎಲ್ಲಿ ತಪ್ಪಿತು?

ಬಹುಶಃ ನಮ್ಮ ‘-ಗೆ’ ಪ್ರತ್ಯಯವೇ ನಿಮ್ಮ ದಾರಿ ತಪ್ಪಿಸಿದೆ. ‘ಶಾಲೆಗೆ ಹೋಗುತ್ತೇನೆ’ ಅನ್ನುವಾಗ ಚತುರ್ಥಿ ಅಂದರೆ ಜರ್ಮನ್‌ನ ಡಾಟಿವ್ ವಿಭಕ್ತಿ ಅಂದುಕೊಂಡು ‘ಇನ್ ಡೇರ್ ಶೂಲ’ ಬರೆದಿದ್ದೀರಿ. ನೀವು ಕೊಟ್ಟಿದ್ದು ಒಂದೇ ವಾಕ್ಯ, ಹಾಗಾಗಿ ಇದು ನನ್ನ ಊಹೆ.

‘ಇನ್’ (ಒಳಗೆ), ‘ಔಫ್’ (ಮೇಲೆ) ಬಂದಾಗ ಮೊದಲು ನಾಮಪದದ ಲಿಂಗ ನೋಡಿ: ಡೀ ಶೂಲ (ಶಾಲೆ), ಸ್ತ್ರೀಲಿಂಗ; ‘ಡೀ’ ಅದರ ಆರ್ಟಿಕಲ್. ಆಮೇಲೆ ‘ಎಲ್ಲಿಗೆ?’ ಅಥವಾ ‘ಎಲ್ಲಿ?’ ಅಂತ ಕೇಳಿಕೊಳ್ಳಿ. ಎಲ್ಲಿಗೆ ಅಂದರೆ ಅಕುಸಾಟಿವ್ (ನಮ್ಮ ದ್ವಿತೀಯಾ ವಿಭಕ್ತಿಯಂಥದ್ದು), ‘ಇನ್ ಡೀ ಶೂಲ’. ಎಲ್ಲಿ ಅಂದರೆ ಡಾಟಿವ್, ‘ಇನ್ ಡೇರ್ ಶೂಲ’. ಈ ‘ಡೇರ್’ ಪುಲ್ಲಿಂಗದ್ದಲ್ಲ, ‘ಡೀ’ಯದೇ ಡಾಟಿವ್ ರೂಪ, ಎಲ್ಲರೂ ಎಡವುವ ಜಾಗ ಇದು. ಪುಲ್ಲಿಂಗದಲ್ಲಿ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ: ತೋಟಕ್ಕೆ ‘ಇನ್ ಡೆನ್ ಗಾರ್ಟನ್’, ತೋಟದಲ್ಲಿ ‘ಇಮ್ (ಇನ್ + ಡೆಮ್) ಗಾರ್ಟನ್’.

ಆದರೆ ‘ತ್ಸು’ (ಕಡೆಗೆ) ಬಂದರೆ ‘ಎಲ್ಲಿಗೆ’ ಆದರೂ ಡಾಟಿವ್ವೇ: ‘ತ್ಸೂರ್ (ತ್ಸು + ಡೇರ್) ಶೂಲ’.