ಬೇಳೆಗೆ ಬೀದಿಗಿಳಿಯದ ಅಮ್ಮ ಪಿಎಫ್‌ಗೆ ಇಳಿದರು

"ಬೆಲೆ ಏರುತ್ತಲೇ ಇದೆ, ಸಂಬಳ ಇದ್ದಲ್ಲೇ ಇದೆ, ಎಲ್ಲರಿಗೂ ಸಿಟ್ಟಿದೆ. ಆದರೂ ಜನ ಯಾಕೆ ಬೀದಿಗೆ ಇಳಿಯುವುದಿಲ್ಲ? ಅಂಥ ದಿನ ಬರುತ್ತದಾ?" ಅಂತ ಕೇಳಿದ್ದೀರಿ. ಬರುತ್ತದೆ. ಆದರೆ ಬರೀ ಬೆಲೆ ಏರಿದ್ದಕ್ಕೆ ಬರುತ್ತದೆ ಅಂತ ನನಗೆ ಅನ್ನಿಸುವುದಿಲ್ಲ. ಅಂಥ ಒಂದು ದಿನವನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಅದನ್ನೇ ಹೇಳುತ್ತೇನೆ.

ನಮ್ಮಮ್ಮ ಬೆಂಗಳೂರಿನ ಬೊಮ್ಮನಹಳ್ಳಿ ಕಡೆ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದರು. ಟೈಲರ್, ಶರ್ಟಿಗೆ ಕಾಲರ್ ಕೂರಿಸುವ ಕೆಲಸ. ಕೈಗೆ ಬರುತ್ತಿದ್ದುದು ತಿಂಗಳಿಗೆ 7,000 ರೂಪಾಯಿ ಆಸುಪಾಸು. 2015ರ ಕೊನೆಯಲ್ಲಿ ತೊಗರಿಬೇಳೆ ಕೆಜಿಗೆ 200 ರೂಪಾಯಿ ಹತ್ತಿರ ಹೋಯಿತಲ್ಲ, ಆಗ ನಮ್ಮನೆಯಲ್ಲಿ ಏನಾಯಿತು? ಅಮ್ಮ ಅಂಗಡಿ ಮುಂದೆ ನಿಂತು ಸರ್ಕಾರಕ್ಕೆ ಬೈದರು. ಮನೆಗೆ ಬಂದು ಬೇಳೆ ಅರ್ಧ ಮಾಡಿದರು. ವಾರದಲ್ಲಿ ನಾಲ್ಕು ದಿನ ಟೊಮೆಟೊ ತಿಳಿಸಾರು. ನಮ್ಮ ವಠಾರದ ಎಲ್ಲ ಮನೆಯಲ್ಲೂ ಹೀಗೇ ಇತ್ತು. ಆದರೆ ಒಬ್ಬರ ಸಾರು ನೀರಾಗಿದ್ದನ್ನು ಇನ್ನೊಬ್ಬರಿಗೆ ಯಾರೂ ಹೇಳಿಕೊಳ್ಳಲಿಲ್ಲ. ನಾಚಿಕೆ. ಬೆಲೆ ಅನ್ನುವುದು ಸ್ವಲ್ಪ ಸ್ವಲ್ಪವೇ ಏರುತ್ತದೆ, ಮನೆಮನೆಯೊಳಗೆ ಒಬ್ಬೊಬ್ಬರೇ ನುಂಗಿಕೊಳ್ಳುತ್ತಾರೆ.

ಅದಾಗಿ ಆರೇ ತಿಂಗಳಿಗೆ ಇದೇ ಹೆಂಗಸರು ಹೊಸೂರು ರಸ್ತೆ ಬಂದ್ ಮಾಡಿದರು.

ಕಾರಣ ಪಿಎಫ್, ಅಂದರೆ ಭವಿಷ್ಯ ನಿಧಿ. ನೌಕರರ ಸಂಬಳದಿಂದ 12 ಪರ್ಸೆಂಟ್ ಹಿಡಿಯುತ್ತಾರೆ. ಮಾಲೀಕರೂ 12 ಹಾಕುತ್ತಾರೆ, ಅದರಲ್ಲಿ 8.33 ಪಿಂಚಣಿಗೆ ಹೋಗಿ 3.67 ಪಿಎಫ್ ಖಾತೆಗೆ ಸೇರುತ್ತದೆ. ಈ ಮಾಲೀಕರ ಪಾಲನ್ನು 58 ವರ್ಷ ತುಂಬುವ ತನಕ ತೆಗೆಯುವಂತಿಲ್ಲ ಅಂತ 2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿತು. ಕಾಗದದ ಮೇಲೆ ಚಿಕ್ಕ ಬದಲಾವಣೆ. ಆದರೆ ಗಾರ್ಮೆಂಟ್ಸ್‌ನಲ್ಲಿ 58ರ ತನಕ ಹೊಲಿಯುವವರು ಎಲ್ಲಿದ್ದಾರೆ? ಅಷ್ಟರೊಳಗೆ ಕಣ್ಣು, ಸೊಂಟ ಎರಡೂ ಹೋಗಿರುತ್ತವೆ. ಎಷ್ಟೋ ಹೆಂಗಸರು ನಾಲ್ಕೈದು ವರ್ಷ ದುಡಿದು, ಕೆಲಸ ಬಿಟ್ಟು, ಪಿಎಫ್ ತೆಗೆದುಕೊಂಡು ಮಗಳ ಮದುವೆ ಮಾಡುತ್ತಾರೆ, ಸಾಲ ತೀರಿಸುತ್ತಾರೆ. ಅವರ ಜೀವನದಲ್ಲಿ ಒಟ್ಟಿಗೆ ಕೈಗೆ ಬರುವ ದುಡ್ಡು ಅದೊಂದೇ. ನಮ್ಮಮ್ಮನ ಓಲೆ ಆಗ ನನ್ನ ಡಿಪ್ಲೊಮಾ ಫೀಸಿಗಾಗಿ ಅಡವಿತ್ತು. ಪಿಎಫ್ ಬಂದ ಮೇಲೆ ಬಿಡಿಸಿಕೊಳ್ಳುವ ಲೆಕ್ಕ.

ಏಪ್ರಿಲ್ 18, ಸೋಮವಾರ. ಪಿಎಫ್ ದುಡ್ಡು ಇನ್ನು ಸಿಗುವುದಿಲ್ಲವಂತೆ ಅನ್ನುವ ಮಾತು ಲೈನ್‌ನಿಂದ ಲೈನ್‌ಗೆ ಹೋಯಿತು. ಮೆಷಿನ್ ನಿಂತವು. ಅಮ್ಮನನ್ನು ಹುಡುಕಿಕೊಂಡು ನಾನು ಹೋದಾಗ ರಸ್ತೆ ತುಂಬ ಹೆಂಗಸರು ಕೂತಿದ್ದರು. ಕೊರಳಲ್ಲಿ ಐಡಿ ಕಾರ್ಡ್, ಮಡಿಲಲ್ಲಿ ಊಟದ ಬ್ಯಾಗ್, ಸೀರೆಗೆ ಅಂಟಿದ ದಾರದ ತುಂಡುಗಳು. ಸೂಪರ್‌ವೈಸರ್ ಕೂಗಿದರೆ ತಲೆ ಎತ್ತದ ನಮ್ಮಮ್ಮ ನೆತ್ತಿಯ ಬಿಸಿಲಲ್ಲಿ ಕೂತು ಕೂಗುತ್ತಿದ್ದರು. ನಾನು ಕೈ ಹಿಡಿದು ಎಬ್ಬಿಸಲು ಹೋದೆ. "ನೀನು ಮನೆಗೆ ಹೋಗು, ಅನ್ನಕ್ಕಿಡು" ಅಂದರು.

ಮಾರನೇ ದಿನ ಅದು ಪೀಣ್ಯ, ಜಾಲಹಳ್ಳಿ ಕ್ರಾಸ್, ತುಮಕೂರು ರಸ್ತೆಗೂ ಹಬ್ಬಿತು. ಲಕ್ಷಕ್ಕೂ ಜಾಸ್ತಿ ಜನ, ಹೆಚ್ಚಿನವರು ಹೆಂಗಸರು. ಕರೆ ಕೊಟ್ಟ ಪಕ್ಷ ಇಲ್ಲ, ಮುಂದೆ ನಿಂತ ನಾಯಕರಿಲ್ಲ. ಲಾಠಿ ಬೀಸಿದರು, ಅಶ್ರುವಾಯು ಹೊಡೆದರು. ಬಸ್‌ಗಳು ಸುಟ್ಟವು, ಹೆಬ್ಬಗೋಡಿ ಪೊಲೀಸ್ ಠಾಣೆ ಹತ್ತಿರ ವಾಹನಗಳಿಗೆ ಬೆಂಕಿ ಬಿತ್ತು. ಅದು ಆಗಬಾರದಿತ್ತು, ಅದನ್ನು ನಾನು ಸಮರ್ಥಿಸುವುದಿಲ್ಲ. "ಕಲ್ಲು ಹೊಡೆದವರು ಬೇರೆ, ಏಟು ತಿಂದವರು ಬೇರೆ" ಅಂತ ಅಮ್ಮ ಈಗಲೂ ಹೇಳುತ್ತಾರೆ. ಆ ದಿನವೇ ಕೇಂದ್ರ ಕಾರ್ಮಿಕ ಸಚಿವರಾಗಿದ್ದ ಬಂಡಾರು ದತ್ತಾತ್ರೇಯ ನಿಯಮ ವಾಪಸ್ ಅಂದರು. ಎರಡೇ ದಿನ.

ಹಾಗಾಗಿ ನನಗೆ ಅನ್ನಿಸುವುದು ಇಷ್ಟು. ಬರುವ ದುಡ್ಡು ಸಾಲದೇ ಹೋದರೆ ಜನ ಹೊಟ್ಟೆ ಕಟ್ಟುತ್ತಾರೆ. ತಮ್ಮದು ಅಂತ ಆಗಲೇ ಲೆಕ್ಕ ಹಾಕಿಟ್ಟಿದ್ದನ್ನು ಒಂದೇ ಏಟಿಗೆ ಕಿತ್ತುಕೊಂಡರೆ ಏಳುತ್ತಾರೆ. ಅದೂ ಸಾವಿರ ಜನ ಒಂದೇ ಸೂರಿನಡಿ, ಒಂದೇ ಹೊತ್ತಿಗೆ ಆ ಸುದ್ದಿ ಕೇಳಿದರೆ ಮಾತ್ರ.

ಶ್ರೀಲಂಕಾದಲ್ಲೂ ನನಗೆ ಕಾಣಿಸಿದ್ದು ಇದೇ. 2022ರಲ್ಲಿ ಅಲ್ಲಿ ದಿನಕ್ಕೆ 13 ಗಂಟೆ ಕರೆಂಟ್ ಹೋಗುವ ಸ್ಥಿತಿ ಬಂತು. ಪೆಟ್ರೋಲ್, ಗ್ಯಾಸ್‌ಗೆ ಉದ್ದುದ್ದ ಕ್ಯೂ. ಕ್ಯೂನಲ್ಲಿ ನಿಂತವರು ಪಕ್ಕದವರ ಹತ್ತಿರ ಮಾತಾಡದೆ ಇರುತ್ತಾರಾ? ಏಪ್ರಿಲ್‌ನಲ್ಲಿ ಕೊಲಂಬೊದ ಗಾಲ್ ಫೇಸ್ ಮೈದಾನದಲ್ಲಿ ಡೇರೆ ಹಾಕಿದರು, ಜುಲೈ 9ಕ್ಕೆ ಅಧ್ಯಕ್ಷರ ಮನೆಯೊಳಗೇ ನುಗ್ಗಿದರು. ಅಧ್ಯಕ್ಷ ಗೊಟಬಯ ರಾಜಪಕ್ಸ ದೇಶ ಬಿಟ್ಟರು. ಆದರೆ ಅಲ್ಲಿ ಹಣದುಬ್ಬರ ತುದಿಗೆ ಹೋಗಿ 70 ಪರ್ಸೆಂಟ್ ಹತ್ತಿರ ಮುಟ್ಟಿದ್ದು ಸೆಪ್ಟೆಂಬರ್‌ನಲ್ಲಿ. ಅಷ್ಟರಲ್ಲಿ ಡೇರೆಗಳು ತೆರವಾಗಿದ್ದವು.

ನಮ್ಮಲ್ಲೇ ಇನ್ನೊಂದು ನೋಡಿ. 2020ರ ಏಪ್ರಿಲ್‌ನಿಂದ ಸಿಗಬೇಕಿದ್ದ ತುಟ್ಟಿಭತ್ಯೆ (ಬೆಲೆ ಏರಿದ ಹಾಗೆ ಸಂಬಳಕ್ಕೆ ಸೇರಿಸುವ ದುಡ್ಡು), ತಿಂಗಳಿಗೆ ಸುಮಾರು 417 ರೂಪಾಯಿ, ರಾಜ್ಯದ ಅನೇಕ ಗಾರ್ಮೆಂಟ್ಸ್ ಕಂಪನಿಗಳು ಕೊಡಲಿಲ್ಲ. ತಿಂಗಳುಗಟ್ಟಲೆ ಕೊಡಲಿಲ್ಲ. ಒಟ್ಟು ಹಾಕಿದರೆ ದೊಡ್ಡ ಮೊತ್ತವೇ. ಸಂಘದವರು ಕೋರ್ಟಿಗೆ ಅಲೆದರು, ಹೊಸೂರು ರಸ್ತೆ ಮಾತ್ರ ತುಂಬಲಿಲ್ಲ. ಕೊರೊನಾ ಕಾಲ, ಕೆಲಸ ಉಳಿದರೆ ಸಾಕು ಅಂತ ಇದ್ದರು. ಜೊತೆಗೆ ಆ ದುಡ್ಡನ್ನು ಯಾರೂ ಇನ್ನೂ ಕಣ್ಣಲ್ಲಿ ಕಂಡಿರಲಿಲ್ಲ, ಅದರ ಮೇಲೆ ಯಾವ ಲೆಕ್ಕವೂ ಕೂತಿರಲಿಲ್ಲ. ಇದನ್ನು ನೆನೆದರೆ ನನಗೆ ಜಾಸ್ತಿ ಸಂಕಟವಾಗುತ್ತದೆ, ಸದ್ದಿಲ್ಲದೆ ಹೋಗಿದ್ದಕ್ಕೆ.

ಅಮ್ಮ 2018ರಲ್ಲಿ ಕೆಲಸ ಬಿಟ್ಟರು. ಪಿಎಫ್ ಪೂರ್ತಿ ಬಂತು. ದುಡ್ಡು ಖಾತೆಗೆ ಬಿದ್ದ ಮಾರನೇ ದಿನವೇ ಹೋಗಿ ಓಲೆ ಬಿಡಿಸಿಕೊಂಡು ಬಂದೆವು. ಅಮ್ಮ ಅಲ್ಲೇ, ಕೌಂಟರ್ ಮುಂದೆಯೇ ಹಾಕಿಕೊಂಡರು.